ಗಲ್ಲ ಆನಿಸಿದ ಕುಳಿ

ಬೈಲಹೊಂಗಲದ ನಮ್ಮ ಓಣಿಯ ಗೌಡರು ಏನೇ ಕೊಳ್ಳಲಿ, ಮಡಕೆಯಾಗಲಿ ಎತ್ತಾಗಲಿ, ಮೊದಲು ಕಣ್ಣು ಮುಚ್ಚಿ ಅದರ ಮೈಮೇಲೆ ಕೈಯಾಡಿಸುತ್ತಿದ್ದರು. "ತಡೀರಿ, ಅದು ಏನಂತೈತಿ ಕೇಳೂಣು" ಅನ್ನುತ್ತಿದ್ದರು.

ಕಾಡುಹಂದಿ ಅವರ ಜೋಳದ ಹೊಲ ಹೊಕ್ಕು ಎತ್ತಿನ ಹೊಟ್ಟೆ ಸೀಳಿದ ವರ್ಷ, ಸರಕಾರದ ಪರವಾನಗಿ ಹಿಡಿದು ಬಂದೂಕು ಕೊಳ್ಳಲು ರಾಮದುರ್ಗಕ್ಕೆ ಹೊರಟರು. ಓಣಿಯ ಇಬ್ಬರ ಜೊತೆ ನಾನೂ ಗಾಡಿ ಹತ್ತಿದೆ. ದಂಡಿನ ಪಲ್ಟಣದವರು ಬೇಡವೆಂದು ತೆಗೆದ ಹಳೇ ಬಂದೂಕುಗಳು ಅಲ್ಲೊಬ್ಬ ಸಾವಕಾರನ ಬಳಿ ಇದ್ದವು. ಅವಕ್ಕೆ ಒಮ್ಮೆಗೆ ಒಂದೇ ಗುಂಡು. ಗುರಿ ತಪ್ಪಿದರೆ ಹಂದಿ ಮೈಮೇಲೆಯೇ.

ಸಾವಕಾರ ಎರಡು ತೆಗೆದಿಟ್ಟ. ಒಂದು ಕನ್ನಡಿಯಂತೆ ಹೊಳೆಯುತ್ತಿತ್ತು. ಇನ್ನೊಂದರ ಮರದ ಹಿಡಿಯಲ್ಲಿ, ಯಾವನೋ ಸಿಪಾಯಿ ವರ್ಷಗಟ್ಟಲೆ ಗಲ್ಲ ಆನಿಸಿದ ಕಡೆ, ಸಣ್ಣ ಕುಳಿ ಬಿದ್ದಿತ್ತು.

"ಹೊಳಿಯೂದು ಒಯ್ರಿ ಗೌಡ್ರ" ಅಂದ ಸಾವಕಾರ.

ಮಲಪ್ರಭೆಯ ದಂಡೆಯಲ್ಲಿ ಎರಡನ್ನೂ ಹಾರಿಸಿ ನೋಡಿದರು. ಹೊಳೆಯುವ ಬಂದೂಕಿನ ಗುಂಡು ಬಡಿದು ಆಚೆ ದಂಡೆಯ ಮಣ್ಣು ಹಾರಿತು, ಅಲ್ಲಿಟ್ಟ ಮಡಕೆ ಅಲ್ಲಾಡಲಿಲ್ಲ. ಸವೆದದ್ದನ್ನು ಎತ್ತಿ ಆ ಕುಳಿಯಲ್ಲಿ ಗಲ್ಲ ಇಟ್ಟರು. ಕಣ್ಣು ಮುಚ್ಚಿ, ತೆರೆದರು. ಮಡಕೆ ಚೂರಾಯಿತು. ನಾವೆಲ್ಲ ಕೂಗಿಕೊಂಡೆವು. ಗೌಡರು ಮಾತ್ರ ತಲೆಯ ರುಮಾಲು ತೆಗೆದು, ಆ ಕುಳಿಯನ್ನು ಸವರಿದರು. ಅದನ್ನೇ ಕೊಂಡು ತಂದರು.

ಆಯುಧ ಪೂಜೆಯ ಖಂಡೇನವಮಿಗೆ ಬಂದೂಕಿಗೆ ಕುಂಕುಮ ಹಚ್ಚಿ ನೈವೇದ್ಯದ ಎಡಿ ಹಿಡಿದರು. ಆಮೇಲೆ ಪಕ್ಕದಲ್ಲಿ ಮಣೆ ಹಾಕಿ, ಇನ್ನೊಂದು ಎಲೆಗೆ ಹೋಳಿಗೆ, ತುಪ್ಪ ಬಡಿಸಿದರು.

"ಇದು ಯಾರಿಗ್ರಿ ಗೌಡ್ರ?" ಅಂತ ಕೇಳಿದೆ.

"ಆ ಕುಳಿ ಬೀಳೂಹಂಗ ಗುರಿ ಹಿಡದಾಂವಗ" ಅಂದರು. "ಅಂವ ಉಂಡ ಮ್ಯಾಲ ನಾವು ಕೂಡೂಣು."