ಮೊಮ್ಮಗಳ ಮಾತಿಗೆ ಎರಡು ಪೆಟ್ಟು ಮದ್ದಳೆ

ಮೊನ್ನೆ ಬೆಳ್ತಂಗಡಿಯಿಂದ ಬಂಟ್ವಾಳಕ್ಕೆ ಬರುವ ಬಸ್ಸಿನಲ್ಲಿ ನನ್ನ ಮೊಮ್ಮಗಳು ನನ್ನೊಡನೆ ಜಗಳ ಮಾಡಿದಳು. ಗಟ್ಟಿಯಾಗಿ, ಮುಂದಿನ ಸೀಟಿನವರು ತಿರುಗಿ ನೋಡುವ ಹಾಗೆ. ಆ ಸಂತೋಷವನ್ನು ಎದೆಯೊಳಗೆ ಇಟ್ಟುಕೊಳ್ಳಲಿಕ್ಕೆ ಆಗದೆ ಇದನ್ನು ಬರೆಯಲು ಕುಳಿತಿದ್ದೇನೆ. ಕೊನೆಯನ್ನು ಮೊದಲೇ ಹೇಳಿಬಿಟ್ಟೆ ಎಂದು ಯಾರೂ ಬೇಸರಿಸಬಾರದು. ನಾನು ತಾಳಮದ್ದಳೆಯ ಮನುಷ್ಯ. ಯುದ್ಧದಲ್ಲಿ ಯಾರು ಬೀಳುತ್ತಾರೆ ಎಂದು ಗೊತ್ತಿದ್ದೇ ನಾವು ಚಾಪೆ ಹಾಸಿ ಕುಳಿತುಕೊಳ್ಳುವುದು. ಬೀಳುವ ಮೊದಲು ಅವನು ಏನು ಮಾತಾಡಿದ, ಅದನ್ನು ಕೇಳಬೇಕು ನಮಗೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಹಂಚಿನ ಕಾರ್ಖಾನೆಯಲ್ಲಿ ಹಂಚು ಹೊತ್ತು ಮುದುಕನಾದೆ. ಮನೆಯಲ್ಲಿ ಆಡುವುದು ತುಳು. ಆದರೂ ನಾಲ್ಕು ಸಾಲು ಕನ್ನಡ ಬರೆಯಲು ಬರುತ್ತದೆ ಎಂದರೆ ಅದು ತಾಳಮದ್ದಳೆ ಕೊಟ್ಟದ್ದು. ಅದೂ ಯಕ್ಷಗಾನವೇ, ಆದರೆ ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ. ಅರ್ಥದಾರಿಗಳು ಪಂಚೆ ಶಾಲಿನಲ್ಲಿ ಕುಳಿತಲ್ಲೇ ರಾಜರಾಗಿ, ರಾಕ್ಷಸರಾಗಿ ಮಾತಾಡುತ್ತಾರೆ. ಬರೆದು ತಂದ ಮಾತಲ್ಲ, ಆ ಹೊತ್ತಿಗೆ ಬಾಯಿಗೆ ಬಂದ ಮಾತು. ನಾನು ಮಾತಾಡುವವನಲ್ಲ, ಮಡಿಲಲ್ಲಿ ಮದ್ದಳೆ ಇಟ್ಟುಕೊಂಡು ಬಾರಿಸುವವನು.

ನಮ್ಮ ಸಂಘದಲ್ಲಿ ದಮ್ಮಿನ ಕಾಯಿಲೆಯ ಹಿರಿಯ ಅರ್ಥದಾರಿಯೊಬ್ಬರಿದ್ದರು. ಒಳ್ಳೆಯ ಮಾತುಗಾರರು. ನಡುವೆ ಉಸಿರು ಸಿಕ್ಕಿಕೊಂಡರೆ ಬಾಯಿ ತೆರೆದದ್ದು ತೆರೆದೇ ಇರುತ್ತಿತ್ತು. ಆಗ ನಾನು ಮದ್ದಳೆಗೆ ಎರಡು ಪೆಟ್ಟು ಕೊಡುತ್ತಿದ್ದೆ. ಕೇಳುವವರು, ಅವರಿಗೆ ಸಿಟ್ಟು ಏರುತ್ತಾ ಉಂಟು, ಈಗ ದೊಡ್ಡ ಮಾತು ಬರುತ್ತದೆ ಎಂದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಉಸಿರು ಬರುತ್ತಿತ್ತು, ಮಾತೂ ಬರುತ್ತಿತ್ತು. ಅವರು ತೀರಿಕೊಳ್ಳುವವರೆಗೂ ನಾವಿಬ್ಬರು ಇದನ್ನು ಯಾರಿಗೂ ಹೇಳಲಿಲ್ಲ.

ಮೊಮ್ಮಗಳಿಗೆ ಮಾತು ಸಿಕ್ಕಿಕೊಳ್ಳುತ್ತದೆ. ಸಣ್ಣದಿರುವಾಗ ದೊಡ್ಡವಳಾದರೆ ಸರಿಯಾಗುತ್ತದೆ ಎಂದರು. ಏಳನೇ ಕ್ಲಾಸು ಮುಗಿಯಿತು, ಸರಿಯಾಗಲಿಲ್ಲ. ಶಾಲೆಯಲ್ಲಿ ಯಾರೋ ಅವಳ ಹಾಗೆಯೇ ಮಾತಾಡಿ ತೋರಿಸಿದರಂತೆ. ಆಮೇಲೆ ಹೊರಗಿನವರೊಡನೆ ಮಾತಾಡುವುದನ್ನೇ ಬಿಟ್ಟಳು. ಒಮ್ಮೆ ಅಂಗಡಿಗೆ ಕರೆದುಕೊಂಡು ಹೋಗಿ, ಎಂತ ಬೇಕೋ ನೀನೇ ಕೇಳು ಎಂದೆ. ಬಾಳೆಹಣ್ಣಿನ ಗೊನೆಯನ್ನೇ ನೋಡುತ್ತಿದ್ದವಳು ಕಡೆಗೆ "ಚಕ್ಕುಲಿ" ಎಂದಳು. ಚಕ್ಕುಲಿ ಅವಳಿಗೆ ಸೇರುವುದಿಲ್ಲ. ಆದರೆ ಆ ಅಕ್ಷರ ಅವಳಿಗೆ ಸುಲಭ. ಮನೆಗೆ ಬಂದು ಆ ಚಕ್ಕುಲಿಯನ್ನು ನಾನು ತಿಂದೆ.

ಮೂಡುಬಿದಿರೆಯಲ್ಲಿ ಇಂಥ ಮಕ್ಕಳಿಗೆ ಕಲಿಸುವ ಟೀಚರೊಬ್ಬರಿದ್ದಾರೆ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಶನಿವಾರ ಅವಳನ್ನು ಸಿದ್ದಕಟ್ಟೆ ದಾರಿಯ ಬಸ್ಸಿನಲ್ಲಿ ಕರೆದುಕೊಂಡು ಹೋಗುವುದು ನನ್ನ ಕೆಲಸ. ಆ ಟೀಚರು ಮೊದಲ ದಿನವೇ ನನಗೆ ಹೇಳಿದ್ದರು: "ಅಜ್ಜ, ಅವಳ ಮಾತನ್ನು ನೀವು ಪೂರ್ತಿ ಮಾಡ್ಲಿಕ್ಕೆ ಹೋಗ್ಬೇಡಿ. ಕಾಯಿರಿ. ಅವಳ ಮುಖ ನೋಡ್ತಾ ಕಾಯಿರಿ."

ಕಾಯುವುದು ಹೇಗೆಂದು ಈ ವರ್ಷ ನನಗೆ ಕಲಿಸಿದ್ದು ಮೊಮ್ಮಗಳೇ. ಅವಳೊಂದು ಸೂಪರ್‌ಹೀರೋ ಕತೆಗೆ ಕಾಯುತ್ತಿದ್ದಳು.

"ಎಂತ ಸೀರಿಯಲ್ ಮಗಾ ಅದು?" ಎಂದು ಕೇಳಿದೆ.

"ಸೀರಿಯಲ್ ಅಲ್ಲ ಅಜ್ಜ, ಸ... ಸೀರೀಸ್. ಮೊಬೈಲಲ್ಲಿ ಬರುದು. ಎರಡನೇ ಸೀಸನ್."

ಒಬ್ಬಳು ಹುಡುಗಿ. ಅಂಗೈ ಎತ್ತಿದರೆ ಓಡುವ ರೈಲೂ ನಿಲ್ಲುತ್ತದೆ. ತಾಯಿ ಹಿಂದೆಯೇ ಸತ್ತಿದ್ದಾಳೆ ಎಂದು ಎಲ್ಲರ ನಂಬಿಕೆ. ಅವಳಿಗೆ ವಿದ್ಯೆ ಕಲಿಸಿದ ಗುರುವೇ ಕಡೆಗೆ ಶತ್ರುವಾದ. ಮೊದಲ ಸೀಸನ್ನಿನ ಕೊನೆಯಲ್ಲಿ ಅವನು ಸಮುದ್ರಕ್ಕೆ ಬಿದ್ದ. ಸತ್ತನೋ ಬದುಕಿದನೋ ಗೊತ್ತಿಲ್ಲ. ಎರಡು ವರ್ಷದಿಂದ ಲೋಕದ ಮಕ್ಕಳೆಲ್ಲ ಅದನ್ನೇ ಯೋಚನೆ ಮಾಡುತ್ತಿದ್ದಾರಂತೆ. ಟ್ರೈಲರ್ ಬಂದ ದಿನ ಅವಳು ಊಟ ಮಾಡಲಿಲ್ಲ. ಅದರಲ್ಲಿ ಒಂದು ಮೇಜು, ಮೇಜಿನ ಮೇಲೆ ನೀರು ತೊಟ್ಟಿಕ್ಕುವ ಒಂದು ಗ್ಲೌಸು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋಗುತ್ತದೆ. ಅದನ್ನು ನಿಲ್ಲಿಸಿ ನಿಲ್ಲಿಸಿ ನನಗೆ ತೋರಿಸಿದಳು.

"ಇದು ಯಾರ ಗ್ಲೌಸು ಹೇಳಿ ಅಜ್ಜ."

"ಗುರುವಿನದ್ದು. ಸಮುದ್ರಕ್ಕೆ ಬಿದ್ದವ ಅವನೇ ಅಲ್ವಾ?"

"ಎಲ್ಲರೂ ಹಾಗೇ ಹೇಳುದು," ಎಂದು ಅವಳು ನಕ್ಕಳು. ಉಗುರಿನ ಅಂಚಿನಿಂದ ಪರದೆ ತೋರಿಸಿದಳು. "ಬೆರಳು ಸಣ್ಣ ಉಂಟು, ನೋಡಿ. ಇದು ಅವಳ ತ... ತಾಯಿದ್ದು."

ನಗುವವರು ನಗಲಿ, ನನಗೆ ಇದು ಹೊಸತಲ್ಲ. ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳ ಯಾವಾಗ ನಮ್ಮ ಬಯಲಿಗೆ ಬರುತ್ತದೆ, ಈ ವರ್ಷ ಯಾವ ಪ್ರಸಂಗ, ಯಾರಿಗೆ ಯಾವ ವೇಷ ಎಂದು ನಾವೂ ಕಾರ್ಖಾನೆಯ ಗೋಡೆಗೆ ಒರಗಿ ಚರ್ಚೆ ಮಾಡಿದವರೇ. ಮೇಳದ ಲಾರಿ ದೂರದಲ್ಲಿ ಕಂಡರೆ ಹಂಚು ಕೆಳಗಿಟ್ಟು ಓಡಿದವರೇ.

ಮೊಬೈಲಿನಲ್ಲಿ ಅವಳಿಗೊಂದು ಗ್ರೂಪ್ ಉಂಟು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹುಡುಗಿಯರದ್ದು. ಎಲ್ಲರೂ ಈ ಕತೆಗೆ ಕಾಯುವವರು. ಅದರಲ್ಲಿ ಇವಳು ಬರೆದದ್ದೇ ಬರೆದದ್ದು; ಉಳಿದವರು ಇವಳನ್ನು ಕೇಳುತ್ತಿದ್ದರು. ಇವಳ ದನಿ ಮಾತ್ರ ಅವರಲ್ಲಿ ಯಾರೂ ಕೇಳಿರಲಿಲ್ಲ. ಅವರು ಮಾತಾಡಿ ಕಳಿಸಿದರೆ ಇವಳು ಬರೆದು ಉತ್ತರ ಕೊಡುವುದು. ಆ ಗ್ರೂಪಿನಲ್ಲಿ ಅವಳು ತೊದಲುವವಳಲ್ಲ, ಎಲ್ಲರಿಗಿಂತ ಬುದ್ಧಿವಂತೆ.

ಹಾಗಿರುವಾಗ ಬೆಳ್ತಂಗಡಿಯ ಹುಡುಗಿಯೊಬ್ಬಳು ಎಲ್ಲರನ್ನೂ ಮನೆಗೆ ಕರೆದಳು. ಬೇಸಗೆ ರಜೆ, ಅವರ ಮನೆಯಲ್ಲಿ ದೊಡ್ಡ ಟಿವಿ. ಬಿಡುಗಡೆಯ ದಿನ ಒಟ್ಟಿಗೆ ನೋಡುವ, ಆದರೆ ನೋಡುವ ಮೊದಲು ಒಬ್ಬೊಬ್ಬರಾಗಿ ಎದ್ದು ನಿಂತು, ಗ್ಲೌಸು ಯಾರದ್ದು, ಮುಂದೆ ಏನಾಗುತ್ತದೆ ಎಂದು ಹೇಳಬೇಕು. ಯಾರ ಊಹೆ ಸರಿ ಎಂದು ಆಮೇಲೆ ಗೊತ್ತಾಗುತ್ತದಲ್ಲ!

ಮೊಮ್ಮಗಳು ಮೊಬೈಲನ್ನು ಕವುಚಿ ಹಾಕಿದಳು. "ನಾನು ಹೋಗುದಿಲ್ಲ."

"ಎರಡು ವರ್ಷ ಕಾದದ್ದು ಯಾಕೆ ಮತ್ತೆ?"

"ನನ್ನ ದನಿ ಕೇಳಿದ್ರೆ ಅವರಿಗೆ ಗ... ಗ..." ಅಲ್ಲಿಗೆ ನಿಂತಿತು. ನಾನು ಕಾದೆ. ಅವಳು ಆ ಮಾತನ್ನು ಬಿಟ್ಟು ಒಳಗೆ ಹೋದಳು.

ಮರುದಿನ ನನಗೊಂದು ಯೋಚನೆ ಬಂತು. ಮದ್ದಳೆಯನ್ನು ಬಿಸಿಲಿಗಿಟ್ಟು, ಹಗ್ಗ ಬಿಗಿದು, ಜಗಲಿಯಲ್ಲಿ ಕುಳಿತೆ. "ಬಾ ಮಗಾ, ನಿನ್ನ ಕತೆಯನ್ನೇ ತಾಳಮದ್ದಳೆ ಮಾಡುವ. ನೀನು ಆ ಹುಡುಗಿ. ನಾನು ಗುರು. ನಿನಗೆ ಮಾತು ನಿಂತರೆ ನಾನು ಎರಡು ಪೆಟ್ಟು ಹಾಕ್ತೇನೆ. ಅದು ನಿಂತದ್ದಲ್ಲ, ಸಿಟ್ಟು ಏರಿದ್ದು."

ಅವಳು ನಾಚಿಕೊಂಡೇ ಕುಳಿತಳು. ಗ್ರಂಥದ ಕನ್ನಡದಲ್ಲಿ "ಎಲೈ ಗುರುವೇ" ಎಂದು ಶುರು ಮಾಡಿದಾಗ ಒಳಗಿನಿಂದ ನನ್ನ ಹೆಂಡತಿ ಕಿಸಕ್ಕೆಂದಳು. ಮೊಮ್ಮಗಳ ಮಾತು ಸಿಕ್ಕಿಕೊಂಡಲ್ಲೆಲ್ಲ ನಾನು ಬಾರಿಸಿದೆ. ಮಾತು ದಾಟಿತು. ಹತ್ತು ಮಾತು ಒಟ್ಟಿಗೆ ಬಂದಾಗ ನನ್ನ ಮೈಯೊಳಗೆ ಏನೋ ಹೊಕ್ಕಿತು. ತಾಳಮದ್ದಳೆಯಲ್ಲಿ ಎದುರು ಪಾತ್ರವನ್ನು ಚುಚ್ಚಿ ಮಾತಾಡಿಸುವುದು ಉಂಟು. ಕೊನೆಗೆ ಮಂಗಳ ಹಾಡಿದ ಮೇಲೆ ಅದನ್ನು ಅಲ್ಲಿಗೇ ಬಿಟ್ಟು, ಒಂದೇ ಬೆಂಚಿನಲ್ಲಿ ಚಾ ಕುಡಿಯುತ್ತೇವೆ. ಆ ಅಭ್ಯಾಸದಲ್ಲಿ ಗುರುವಿನ ದನಿ ಮಾಡಿ ಹೇಳಿಬಿಟ್ಟೆ: "ನಾಲಿಗೆಯನ್ನೇ ಆಳಲಾರದವಳು ಲೋಕವನ್ನು ಕಾಯುವೆಯಾ?"

ಅವಳು ಎದ್ದು ಹೋದಳು. ಬಾಗಿಲು ಹಾಕಿದ ಶಬ್ದ ಕೇಳಿತು.

ಹೆಂಡತಿ ಸೌಟು ಹಿಡಿದುಕೊಂಡೇ ಬಂದಳು. "ನಿಮಗೆ ಬುದ್ಧಿ ಉಂಟಾ? ಮಗುವಿನ ಹತ್ತಿರ ಹೇಳುವ ಮಾತಾ ಅದು?"

"ನಾನು ಹೇಳಿದ್ದಲ್ಲ ಮಾರಾಯ್ತಿ, ಗುರು ಹೇಳಿದ್ದು."

"ಗುರುವಿಗೆ ಇವತ್ತು ಊಟ ಇಲ್ಲ ಅಂತ ಹೇಳಿ!"

ಊಟ ಹಾಕಿದಳು, ಆದರೆ ನನಗೆ ಸೇರಲಿಲ್ಲ. ಅಷ್ಟು ವರ್ಷ ಮದ್ದಳೆ ಬಾರಿಸಿದ ಕೈ ಅದು, ಒಂದು ಪೆಟ್ಟು ಎಲ್ಲಿ ಹಾಕಬಾರದು ಎಂದು ಅದಕ್ಕೆ ಗೊತ್ತು. ಬಾಯಿಗೆ ಗೊತ್ತಾಗಲಿಲ್ಲವಲ್ಲ ಎಂದು ಜಗಲಿಯಲ್ಲೇ ಕುಳಿತಿದ್ದೆ. ಮದ್ದಳೆಯನ್ನು ಚೀಲಕ್ಕೆ ಹಾಕುವ ಹೊತ್ತಿಗೆ ಬಾಗಿಲು ತೆರೆಯಿತು. ಮೊಮ್ಮಗಳ ಕಣ್ಣು ಕೆಂಪಾಗಿತ್ತು. ಬಂದು ಎದುರು ಚಕ್ಕಳಮಕ್ಕಳ ಹಾಕಿ ಕುಳಿತಳು.

"ಅಜ್ಜ, ಮ... ಮದ್ದಳೆ ತೆಗೆಯಿರಿ. ಉತ್ತರ ಉಂಟು."

ತೆಗೆದೆ.

"ಗುರುವೇ," ಎಂದಳು. ನನ್ನ ಮುಖವನ್ನೇ ನೋಡುತ್ತಿದ್ದಳು. "ರೈಲು ನಿಲ್ಲುವುದು ನ... ನನ್ನ ನಾಲಿಗೆಯಿಂದ ಅಲ್ಲ. ನಾಲಿಗೆ ನಿಲ್ಲುತ್ತದೆ ಎಂದು ನಾನು ನಿಂತಿದ್ದೇನೆಯೇ? ನಿಲ್ಲುವುದು ಏನೆಂದು ನ... ನಿನಗಿಂತ ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ನಾನು ಎಲ್ಲವನ್ನೂ ನಿಲ್ಲಿಸಬಲ್ಲೆ."

ನನ್ನ ಕೈ ಮದ್ದಳೆಯ ಮೇಲೆ ಹಾಗೆಯೇ ಉಳಿಯಿತು. ಎಂಥೆಂಥ ಅರ್ಥದಾರಿಗಳಿಗೆ ಬಾರಿಸಿದ್ದೇನೆ. ಅಂಥ ಮಾತಿಗೆ ಪೆಟ್ಟು ಹಾಕಲು ನನಗೆ ಧೈರ್ಯ ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಗುರು ಸೋತ ಎಂದು ನಾನು ಹೇಳಿದೆ. ಅದು ಆ ದಿನದ ಮಂಗಳ.

ಬಿಡುಗಡೆಯ ದಿನ ಬೆಳಿಗ್ಗೆ ಅವಳೇ ಎದ್ದು ತಲೆ ಬಾಚಿಕೊಂಡಿದ್ದಳು. ನಾನು ಮದ್ದಳೆಯ ಚೀಲ ಹೆಗಲಿಗೆ ಹಾಕಿದೆ.

"ಬೇಡ ಅಜ್ಜ," ಎಂದಳು.

"ಮದುವೆಗೆ ಹೊರಟ ಹಾಗೆ ಹೊರಟಿದ್ದೀರಿ, ಅದನ್ನು ಇಳಿಸಿ," ಎಂದು ಹೆಂಡತಿಯೂ ಹೇಳಿದಳು. ಇಳಿಸಿದೆ. ಹೆಗಲು ಹಗುರವಾಯಿತು, ಎದೆ ಆಗಲಿಲ್ಲ.

ಬೆಳ್ತಂಗಡಿಯ ಆ ಮನೆಯವರು ಒಳ್ಳೆಯವರು. ನನಗೆ ಬಾಗಿಲ ಹತ್ತಿರ ಮರದ ಕುರ್ಚಿ ಕೊಟ್ಟು, ಬೆಲ್ಲ ನೀರು ಕೊಟ್ಟರು. ಒಳಗೆ ಹುಡುಗಿಯರು ನೆಲದ ಮೇಲೆ ಕುಳಿತಿದ್ದರು. ಒಬ್ಬಳು ಎದ್ದು ಗುರು ಎಂದಳು, ಇನ್ನೊಬ್ಬಳೂ ಗುರು ಎಂದಳು. ನನ್ನವಳ ಸರದಿ ಬಂತು. ಎದ್ದಳು.

"ಆ ಗ್ಲೌಸು ಅವಳ ತ... ತ..."

ನಿಂತಿತು. ಒಬ್ಬಳು ತಲೆ ತಗ್ಗಿಸಿದಳು. ಇನ್ನೊಬ್ಬಳು, ಪಾಪ, ಸಹಾಯ ಮಾಡುವ ಎಂದು, "ತಮ್ಮಂದಾ?" ಎಂದಳು. ನನ್ನ ಬೆರಳು ತನ್ನಿಂದ ತಾನೇ ಕುರ್ಚಿಯ ಕೈಯ ಮೇಲೆ ಎದ್ದಿತು. ಮರ ಒಳ್ಳೆಯದಿತ್ತು, ಬಾರಿಸಿದರೆ ಒಳಗಿನವರೆಗೆ ಕೇಳುತ್ತಿತ್ತು. ಕಾಯಿರಿ ಎಂದ ಟೀಚರ ಮಾತು ನೆನಪಾಯಿತು. ಬೆರಳನ್ನು ಮುಷ್ಟಿಯೊಳಗೆ ಮಡಚಿ ಹಿಡಿದೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ತಾಳ ಬೇರೆ ಇಲ್ಲ.

ಆಗ ಕೇಳಿತು. ಮೆಲ್ಲಗೆ, ಎರಡು ಪೆಟ್ಟು. ಮೊಮ್ಮಗಳ ಬಲಗೈ ಅವಳ ತೊಡೆಯ ಮೇಲೆ.

"ತಮ್ಮಂದಲ್ಲ," ಎಂದಳು. "ತಾಯಿದ್ದು. ಯಾಕೆ ಅಂತ ಹೇಳ್ತೇನೆ, ಸ್ವಲ್ಪ ಹೊತ್ತು ಬೇಕು. ನನಗೆ ಮಾತು ಸಿ... ಸಿಕ್ಕಿಕೊಳ್ತದೆ."

"ಹೇಳು ಮಾರಾಯ್ತಿ, ನಮಗೇನು ಬಸ್ಸಿಗೆ ಹೊತ್ತಾಗ್ಲಿಲ್ಲ," ಎಂದಳು ಮನೆಯ ಹುಡುಗಿ. ಎಲ್ಲರೂ ನಕ್ಕರು. ಇವಳೂ ನಕ್ಕಳು. ಗ್ಲೌಸಿನ ಸಣ್ಣ ಬೆರಳಿನಿಂದ ಶುರು ಮಾಡಿ, ಮೊದಲ ಸೀಸನ್ನಿನ ಯಾವುದೋ ಫೋಟೋದವರೆಗೆ ಹೋಗಿ, ಸಿಕ್ಕಿಕೊಂಡು, ಬಿಡಿಸಿಕೊಂಡು, ಪೂರ್ತಿ ಹೇಳಿ ಕುಳಿತಳು. ನಾನು ಬೆಲ್ಲ ನೀರಿನ ಲೋಟವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡಿದ್ದೆ.

ಊಹೆ ತಪ್ಪಾಯಿತು. ಗ್ಲೌಸು ಗುರುವಿನದ್ದೇ.

ಅವಳಿಗೆ ಬಂದ ಸಿಟ್ಟು ಬಸ್ಸಿಗೂ ಹತ್ತಿತು. ಗುರುವಾಯನಕೆರೆ ದಾಟಲಿಲ್ಲ, ಶುರು ಮಾಡಿದಳು. ಕತೆ ಬರೆದವರಿಗೆ ತಲೆ ಇಲ್ಲವಂತೆ. ತಾಯಿಯೇ ಆಗಬೇಕಿತ್ತಂತೆ. ನಾನು ಬೇಕೆಂದೇ ಬರೆದವರ ಪಕ್ಷ ಹಿಡಿದೆ. ಎದುರಾಳಿ ಇಲ್ಲದೆ ಮಾತು ಬೆಳೆಯುವುದಿಲ್ಲ.

"ಗುರುವಿನದ್ದೇ ಅಂತ ನಾನು ಮೊದಲ ದಿನವೇ ಹೇಳಿದ್ದೆ."

"ನಿಮ್ಗೆ ಎಂತ ಗೊತ್ತುಂಟು ಅಜ್ಜ? ನೀವು ನೋ... ನೋಡುವಾಗ ನಿದ್ದೆ ಮಾಡಿದ್ದೀರಿ!"

ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದರು. ಮೊದಲಾದರೆ ಅಷ್ಟಕ್ಕೇ ಅವಳ ಬಾಯಿ ಮುಚ್ಚುತ್ತಿತ್ತು. ಈ ಸಲ ಅವರಿಗೂ ಸೇರಿಸಿಯೇ ಹೇಳತೊಡಗಿದಳು. ಮಡಂತ್ಯಾರಿನಲ್ಲಿ ಜನ ಹತ್ತಿ, ಕಂಡಕ್ಟರ್ ಸಂದಿಯಲ್ಲಿ ತೂರಿಕೊಂಡು ನಮ್ಮ ಹತ್ತಿರ ಬಂದು, "ಎಲ್ಲಿಗೆ ಅಜ್ಜೇರೇ?" ಎಂದ. ಆ ಹೊತ್ತಿಗೆ ಸರಿಯಾಗಿ ಮೊಮ್ಮಗಳ ಮಾತು ಸಿಕ್ಕಿಕೊಂಡಿತ್ತು. "ಆ ತಾಯಿ ಬ... ಬ..."

ನಾನು ಬಾಯಿ ತೆರೆಯುವ ಮೊದಲೇ ಅವಳು ಅಂಗೈ ಎತ್ತಿ ಕಂಡಕ್ಟರನಿಗೆ ತೋರಿಸಿದಳು. ನಿಲ್ಲು ಎಂದು.

ಅವನು ನಿಂತ. ಮೇಲಿನ ರಾಡು ಹಿಡಿದುಕೊಂಡು, ಮುಂದಿನ ಸೀಟಿನ ಹೆಂಗಸಿನ ಹಾಗೆಯೇ ಅವನೂ ಅವಳ ಮುಖ ನೋಡುತ್ತಾ ನಿಂತ.

"ಬದುಕಿದ್ದಾಳೆ," ಎಂದಳು ಅವಳು. "ನೀವು ನೋಡಿ ಬೇಕಾದ್ರೆ."

ಆಮೇಲೆ ನಾನು ಕಂಡಕ್ಟರನಿಗೆ ಹೇಳಿದೆ: "ಬಂಟ್ವಾಳ, ಎರಡು."