ಐದು ಎಂಬಿಯ ಉಸಿರು

ಕಿವಿಯಮ್ಮನ ಅಂಗಡಿಗೆ ಹೋಗಿ ಬೈಸಿಕೊಳ್ಳದೆ ವಾಪಸು ಬಂದವರು ಕಡಿಮೆ. ಹಳೇ ಟೇಪು, ಕ್ಯಾಸೆಟ್ಟುಗಳಲ್ಲಿರುವ ದನಿಯನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ಅವಳ ಕಸುಬು. ಯಾರಾದರೂ "ಚಿಕ್ಕ ಫೈಲ್ ಮಾಡಿಕೊಡಿ, ಫೋನಿನಲ್ಲಿ ಜಾಗ ಇಲ್ಲ" ಎಂದರೆ ಮುಗಿಯಿತು ಅವರ ಕಥೆ. "ಜಾಗ ಇಲ್ದೇ ಇರೋದು ಫೋನಲ್ಲಲ್ಲ, ನಿಮ್ಮ ತಲೇಲಿ" ಎಂದು ಮುಖಕ್ಕೇ ಹೇಳಿಬಿಡುತ್ತಿದ್ದಳು.

ಹಾಗೆ ಬೈದ ಮೇಲೆ ಕೂರಿಸಿ ಪಾಠವನ್ನೂ ಹೇಳುವಳು. "ನೋಡಿ, ಬಟ್ಟೇನ ಚೆನ್ನಾಗಿ ಮಡಚಿದ್ರೂ ಪೆಟ್ಟಿಗೇಲಿ ಜಾಗ ಉಳಿಯುತ್ತೆ, ಅಂಚು ಕತ್ತರಿಸಿದ್ರೂ ಉಳಿಯುತ್ತೆ. ಮಡಚಿದ್ದನ್ನ ಬಿಡಿಸಿದ್ರೆ ಒಂದು ನೂಲೂ ಹೋಗಿರಲ್ಲ. ಕತ್ತರಿಸಿದ್ದು ಹೋಯ್ತು ಅಂದ್ರೆ ಹೋಯ್ತು. ಹಾಡಿನ ಫೈಲಲ್ಲೂ ಹೀಗೇ ಎರಡು ಜಾತಿ. ನಾನು ಮಡಚೋಳು, ಕತ್ತರಿಸೋಳಲ್ಲ."

"ಕತ್ತರಿಸೋಳು ಕೆಳಗಿದ್ದೀನಿ, ಬನ್ನಿ!" ಎಂದು ಮೆಟ್ಟಿಲ ಬುಡದಿಂದ ಅತ್ತಿಗೆ ಕೂಗುತ್ತಿದ್ದಳು. ಅಣ್ಣನ ಹೆಂಡತಿ ಅವಳು, ವಯಸ್ಸಿನಲ್ಲಿ ಕಿವಿಯಮ್ಮನಿಗಿಂತ ಹತ್ತು ವರ್ಷ ಚಿಕ್ಕವಳು. ಕೆಳಗೆ ಅವಳ ಹೊಲಿಗೆ ಅಂಗಡಿ, ಮೇಲಿನ ಎರಡು ಕೋಣೆ ಕಿವಿಯಮ್ಮನದು. ಗೋಡೆಗೆಲ್ಲ ಹಳೇ ಕಂಬಳಿ ಹೊಡೆದಿದ್ದರೂ ಹೊಲಿಗೆ ಯಂತ್ರದ ಸದ್ದು ನೆಲದೊಳಗಿಂದ ಬರುತ್ತಿತ್ತು. ಅದಕ್ಕೆ ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡಿದ್ದರು. ಮೇಲಿನಿಂದ ಹಿಮ್ಮಡಿಯಲ್ಲಿ ಎರಡು ಸಲ ಗುದ್ದಿದರೆ ಕೆಳಗೆ ಯಂತ್ರ ನಿಲ್ಲಬೇಕು. ಗೊಣಗಿಕೊಂಡಾದರೂ ಅತ್ತಿಗೆ ನಿಲ್ಲಿಸುತ್ತಿದ್ದಳು.

ಕಿವಿಯಮ್ಮ ಎಂಬ ಹೆಸರು ತಂದ ಈ ಚುರುಕು ಕಿವಿ ಅಪ್ಪನಿಂದ ಬಂದದ್ದು. ಅಪ್ಪ ಬಾನುಲಿಯಲ್ಲಿ ಧ್ವನಿಮುದ್ರಣದ ಕೆಲಸದಲ್ಲಿದ್ದವರು. ಏಳು ವರ್ಷದ ಮಗಳ ಕಣ್ಣಿಗೆ ಬಟ್ಟೆ ಕಟ್ಟಿ, ಚಮಚ ಬೀಳಿಸಿ, ಯಾವ ಚಮಚ ಹೇಳು ಎಂದು ಕೇಳುತ್ತಿದ್ದರು. ಅವಳು ತಪ್ಪು ಹೇಳಿದ್ದೇ ಇಲ್ಲವಂತೆ. ಮುಂದೆ ಮದುವೆಯಾಗಿ ಮೂರೇ ವರ್ಷಕ್ಕೆ ಗಂಡ ತೀರಿಕೊಂಡಾಗ, ಅಪ್ಪ ಬಿಟ್ಟುಹೋದ ಟೇಪ್ ಯಂತ್ರವೇ ಅವಳನ್ನು ಸಾಕಿತು. ಊರವರ ದನಿಯನ್ನೆಲ್ಲ ಜೋಪಾನ ಮಾಡಿದ ಇವಳ ಹತ್ತಿರ ಗಂಡನ ದನಿ ಮಾತ್ರ ಒಂದು ಚೂರೂ ಇರಲಿಲ್ಲ. ನಾಳೆ ಮಾಡೋಣ, ನಾಳೆ ಮಾಡೋಣ ಎಂದು ಮುಂದೂಡಿ ಕಳೆದುಕೊಂಡದ್ದು. ಆ ನೋವು ಅವಳಿಗೆ ಕೊನೆಯವರೆಗೂ ಆರಲಿಲ್ಲ, ಅದಕ್ಕೇ ಸತ್ತವರ ದನಿಯ ಟೇಪು ತಂದವರನ್ನು ಅವಳು ಬೈಯುತ್ತಲೂ ಇರಲಿಲ್ಲ.

ಟೀಚರಮ್ಮ ತಂದದ್ದು ಅಂಥ ಟೇಪು. ನಿವೃತ್ತರಾಗಿದ್ದ ಶಾಲಾ ಟೀಚರು, ನೆಟ್ಟಗೆ ನಿಲ್ಲುವ, ಅಳೆದು ಮಾತಾಡುವ ಹೆಂಗಸು. ಶಾಲೆಯ ದೊಡ್ಡ ಸುರುಳಿ ಯಂತ್ರದಲ್ಲಿ ಒಮ್ಮೆ ಅವರ ಮಗಳು ಹಾಡಿದ್ದಳು. ಆಗ ಹನ್ನೆರಡು ವರ್ಷ. ಅದೇ ವರ್ಷ ಆಸ್ಪತ್ರೆಗೆಂದು ಹೋದವಳು ಮನೆಗೆ ಬರಲಿಲ್ಲ.

"ಹಾಡು ಅಷ್ಟೇನೂ ಚೆನ್ನಾಗಿಲ್ಲ. ಶುರು ಮಾಡೋಕೆ ಮುಂಚೆ ಒಂದು ಉಸಿರು ಎಳ್ಕೊತಾಳೆ. ಅದು ನನಗೆ ಬೇಕು" ಎಂದರು ಟೀಚರಮ್ಮ.

ಕಿವಿಯಮ್ಮ ಸುರುಳಿಯ ತುದಿಯನ್ನು ಬೆರಳಲ್ಲಿ ಸವರಿದಳು. ಕಂದು ಪುಡಿ ಉದುರಿತು. ಟೇಪಿನಲ್ಲಿ ದನಿ ಇರುವುದು ಆ ಪುಡಿಯಲ್ಲೇ. "ಯಂತ್ರದ ಮೇಲೆ ಒಂದೇ ಸಲ ಓಡುತ್ತೆ. ಎರಡನೇ ಸಲಕ್ಕೆ ಏನೂ ಉಳಿಯಲ್ಲ. ಆ ಒಂದು ಸಲ ನನ್ನ ಜವಾಬ್ದಾರಿ" ಎಂದಳು. ಟೀಚರಮ್ಮ ತಲೆಯಾಡಿಸಿ ಹೋದರು.

ಮರುದಿನ ಬೆಳಗ್ಗೆ ಟೇಪು ಒಣಗಿಸಿ, ಯಂತ್ರದಲ್ಲಿ ಟೇಪು ತಾಗುವ ತಲೆಭಾಗ ಒರೆಸಿ, ಎರಡು ಸಲ ನೆಲ ಗುದ್ದಿ ಸುರುಳಿ ಬಿಟ್ಟಳು. ಹನ್ನೊಂದು ನಿಮಿಷ ಕಣ್ಣು ಮುಚ್ಚಿ ಕೂತಳು. ಉಸಿರು ಬಂತು. ಹಾಡು ಬಂತು. ಕೊನೆಗೆ "ಸಾಕಾಮ್ಮಾ?" ಎಂಬ ಮಾತೂ ಬಂತು. ಸುರುಳಿ ಮುಗಿದಾಗ ಯಂತ್ರದ ಕೆಳಗೆ ಕಂದು ಪುಡಿಯ ಗುಪ್ಪೆ, ಸುರುಳಿಯಲ್ಲಿ ಬರೀ ಪಾರದರ್ಶಕ ಪಟ್ಟಿ.

ಆಮೇಲೆ ಪರದೆ ನೋಡಿದಳು. ಫೈಲಿನ ಗಾತ್ರ ಅರವತ್ತು ಎಂಬಿ ಇರಬೇಕಾದ ಕಡೆ ಐದು ಎಂದು ಬರೆದಿತ್ತು.

ಹಿಂದಿನ ದಿನ ಒಬ್ಬರ ಭಾಷಣವನ್ನು, ಅವರ ಕಾಟ ತಡೆಯಲಾರದೆ, ಫೋನಿಗೆಂದು ಚಿಕ್ಕದಾಗಿ ಇಳಿಸಿಕೊಟ್ಟಿದ್ದಳು. ಆ ಸೆಟ್ಟಿಂಗು ಬದಲಿಸಲು ಮರೆತಿದ್ದಳು. ಟೇಪಿನ ಆರೈಕೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಮಾಡಿದವಳು, ಇದೊಂದನ್ನು ನೋಡಲಿಲ್ಲ. ಅಯ್ಯೋ ದೇವರೇ, ಇಷ್ಟು ವರ್ಷ ಊರಿಗೆಲ್ಲ ಪಾಠ ಹೇಳಿದವಳು ಮಾಡುವ ಕೆಲಸವೇ ಇದು!

ದನಿಯ ನಕ್ಷೆ ತೆರೆದಳು. ಎತ್ತರದ ಸಣ್ಣ ಸದ್ದುಗಳು ಇರಬೇಕಾದ ಮೇಲ್ಭಾಗವೆಲ್ಲ ಖಾಲಿ, ಕತ್ತರಿಯಲ್ಲಿ ಕತ್ತರಿಸಿದಷ್ಟು ನೇರ. ಉಸಿರಿನ ಅರ್ಧ ಇರುವುದೇ ಅಲ್ಲಿ. ಆದರೆ ಅವಳನ್ನು ನಿಜವಾಗಿ ಕುಸಿಯುವಂತೆ ಮಾಡಿದ್ದು ಬೇರೆ. ಹನ್ನೊಂದು ನಿಮಿಷ ಕೇಳಿದ್ದಳು, ಈಗ ಮತ್ತೆ ಮತ್ತೆ ಕೇಳಿದಳು, ಏನೂ ಕೊರತೆ ಕಾಣಲಿಲ್ಲ. ಎರಡು ವರ್ಷದಿಂದ ಅತ್ತಿಗೆ "ಆ ಚಾರ್ಜರ್ ಕುಯ್ ಅಂತ ತಲೆ ತಿಂತಾ ಇದೆ, ಕಿತ್ತು ಹಾಕು" ಎಂದಾಗಲೆಲ್ಲ ಆ ಸದ್ದು ಇವಳಿಗೆ ಕೇಳಿಸುತ್ತಿರಲಿಲ್ಲ. ಅತ್ತಿಗೆಯದು ಬರೀ ಭ್ರಮೆ ಎಂದು ನಕ್ಕಿದ್ದಳು. ಈಗ ನಗು ಬರಲಿಲ್ಲ. ತನ್ನ ಕಿವಿಯ ಮೇಲ್ಭಾಗವೂ ಹೀಗೇ ಖಾಲಿಯಾಗಿದೆ ಎಂದು ಅವಳಿಗೆ ಅರ್ಥವಾಯಿತು.

ವಿಷಯ ಕೇಳಿ ಅತ್ತಿಗೆ ಮೇಲೆ ಬಂದಳು. "ಇದನ್ನೇ ಅರವತ್ತು ಎಂಬಿ ಮಾಡೋಕಾಗಲ್ವಾ?"

"ಆಗುತ್ತೆ. ಒಂದು ಗುಂಡಿ ಒತ್ತಿದ್ರೆ ಸಾಕು. ಅಂಕಿ ದೊಡ್ಡದಾಗುತ್ತೆ, ಒಳಗಿರೋದು ಇಷ್ಟೇ."

"ಒತ್ತಿ ಕೊಟ್ಟುಬಿಡು. ನಿನಗೇ ಕೇಳಿಸ್ಲಿಲ್ಲ, ಆ ವಯಸ್ಸಾದೋರಿಗೆ ಕೇಳಿಸುತ್ತಾ? ಪಾಪ, ಅವರ ನೆಮ್ಮದಿ ಯಾಕೆ ಹಾಳು ಮಾಡ್ತೀಯ?"

ಅತ್ತಿಗೆ ಕೆಟ್ಟವಳಲ್ಲ, ನಾದಿನಿಯ ಮಾನ ಉಳಿಯಲೆಂದು ಹೇಳಿದ್ದು. ಕಿವಿಯಮ್ಮ ಮೌಸ್ ಹಿಡಿದುಕೊಂಡು ಬಹಳ ಹೊತ್ತು ಕೂತಳು. ಒತ್ತಿದರೆ ಹೆಸರೂ ಉಳಿಯುತ್ತದೆ, ಅನ್ನವೂ ಉಳಿಯುತ್ತದೆ. ಅವಳಿಗೆ ಒತ್ತಬೇಕೆನಿಸಿತು, ಸುಳ್ಳೇಕೆ. ಕೊನೆಗೆ ಮೌಸ್ ಬಿಟ್ಟು, ಫೈಲನ್ನು ಪೆನ್‌ಡ್ರೈವಿಗೆ ಹಾಕಿ, ಒಂದು ಚೀಟಿ ಬರೆದು ಅದಕ್ಕೆ ಕಟ್ಟಿದಳು.

ಸಂಜೆ ಟೀಚರಮ್ಮ ಬಂದಾಗ ಅವಳು ಕುರ್ಚಿ ಕೊಟ್ಟಳು, ತಾನು ನಿಂತೇ ಇದ್ದಳು. "ಮಗು ದನಿ ಇದೆ. ಆದ್ರೆ ಪೂರ್ತಿ ಇಲ್ಲ. ನಾನು ಸೆಟ್ಟಿಂಗು ತಪ್ಪಾಗಿ ಇಟ್ಟೆ. ಉಸಿರಲ್ಲಿ ಸ್ವಲ್ಪ ಕತ್ತರಿಸಿ ಹೋಗಿದೆ. ಇನ್ನು ವಾಪಸ್ ಬರಲ್ಲ. ಟೇಪಿನ ತಪ್ಪಲ್ಲ, ನನ್ನ ತಪ್ಪು."

ಟೀಚರಮ್ಮನ ಮುಖ ಬಿಗಿಯಿತು. "'ಆ ಒಂದು ಸಲ ನನ್ನ ಜವಾಬ್ದಾರಿ' ಅಂತ ನೀನೇ ಅಂದಿದ್ದೆ."

"ಅಂದಿದ್ದೆ."

"ಕೇಳಿದ್ರೆ ಗೊತ್ತಾಗುತ್ತಾ?"

"ನಿಮಗೆ ಗೊತ್ತಾಗಲ್ಲ. ನನಗೂ ಗೊತ್ತಾಗ್ಲಿಲ್ಲ. ನನ್ನ ಕಿವಿ ಹೋಗ್ತಾ ಇದೆ." ಈ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ಇಬ್ಬರಿಗೂ ಗೊತ್ತಾಗದ್ದನ್ನ ಯಾಕೆ ಹೇಳಿದೆ? ಸುಮ್ನೆ ಕೊಟ್ಟಿದ್ರೆ ನಾನು ಖುಷಿಯಾಗಿ ತಗೊಂಡು ಹೋಗ್ತಿದ್ದೆ!" ಟೀಚರಮ್ಮನ ದನಿ ಏರಿತು. ಕೆಳಗೆ ಅತ್ತಿಗೆಗೂ ಕೇಳಿಸಿರಬೇಕು.

"ಹೋಗಿದ್ದು ಹೋಗಿದೆ ಅಂತ ನಿಮಗೆ ಗೊತ್ತಿರಬೇಕು ಅನ್ನಿಸ್ತು. ನಿಮ್ಮ ಮಗು ಅಲ್ವಾ."

ಟೀಚರಮ್ಮ ಪೆನ್‌ಡ್ರೈವಿನ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿದರು. 'ಇದು ಮೂಲವಲ್ಲ. ಮೇಲಿನ ದನಿ ಹೋಗಿದೆ. ತಪ್ಪು ನನ್ನದು' ಎಂದಿತ್ತು, ಕೆಳಗೆ ತಾರೀಕು, ಸಹಿ. ಅವರು ಸಹಿಯ ಮೇಲೆ ಹೆಬ್ಬೆರಳಿಟ್ಟುಕೊಂಡು ಕೂತರು.

"ಅವತ್ತು ಆಸ್ಪತ್ರೆಯಲ್ಲಿ ಬೆಳಗ್ಗೆ 'ಏನೂ ಆಗಲ್ಲ' ಅಂದ್ರು. ಸಂಜೆ 'ದೇವರ ಇಚ್ಛೆ' ಅಂದ್ರು. ಮಧ್ಯೆ ಏನಾಯ್ತು ಅಂತ ಎಷ್ಟು ಬಾಗಿಲು ತಟ್ಟಿದೆ ನಾನು! ಎಲ್ಲ ಸರಿಯಾಗೇ ಮಾಡಿದ್ವಿ ಅಂತಾನೇ ಎಲ್ಲರೂ ಬರೆದು ಕೊಟ್ರು." ಅವರ ದನಿ ಒಡೆಯಿತು. "ನನ್ನ ಮಗಳ ವಿಷಯದಲ್ಲಿ ಇಷ್ಟು ವರ್ಷದಲ್ಲಿ 'ತಪ್ಪು ನನ್ನದು' ಅಂತ ಬರೆದು ಸಹಿ ಹಾಕಿದೋಳು ನೀನೊಬ್ಬಳೇ ಕಣೇ."

ಕಿವಿಯಮ್ಮ ಅತ್ತುಬಿಟ್ಟಳು. ಟೀಚರಮ್ಮ ಚೀಟಿಯನ್ನು ಬಿಚ್ಚಿ, ನಾಲ್ಕಾಗಿ ಮಡಚಿ, ಪರ್ಸಿನ ಒಳಜೇಬಿನಲ್ಲಿಟ್ಟರು. ಕಣ್ಣೊರೆಸಿಕೊಂಡು, ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರ ಎಳೆದುಕೊಂಡರು.

"ಉಳಿದಿರೋದನ್ನ ಹಾಕು, ಕೇಳೋಣ" ಎಂದರು.

ಕಿವಿಯಮ್ಮ ನೆಲ ಗುದ್ದಲು ಹಿಮ್ಮಡಿ ಎತ್ತಿದಳು. ಕೆಳಗೆ ಹೊಲಿಗೆ ಯಂತ್ರ ಆಗಲೇ ನಿಂತಿತ್ತು.