ಪಿಕಪ್ಪಿಗೆ ಇನ್ನೊಂದು ವೈರು

ಗಿಟಾರಿನ ಪಿಕಪ್ಪಿನಿಂದ ಬರುವ ವೈರಿನ ಮೇಲೆ ಸಣ್ಣ ಲೋಹದ ಎಳೆಗಳ ಹೆಣಿಗೆ ಇರುತ್ತದೆ. ಅದನ್ನು ಒಂದಿಂಚು ಬಿಡಿಸಿದರೆ ಒಳಗೆ ಬಟ್ಟೆ ಸುತ್ತಿದ ಇನ್ನೊಂದು ವೈರು. ನನ್ನ ಹಳೆಯ ಎಲೆಕ್ಟ್ರಿಕ್ ಗಿಟಾರಿನ ಎರಡೂ ಪಿಕಪ್ಪುಗಳು ಹಾಗೇ ಇದ್ದವು. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ, ಜೋಡಿ ಸುರುಳಿಗಳ ಡಬ್ಬಿಗಳು ಅವು.

ಬೈಲಹೊಂಗಲದ ನಮ್ಮ ಮನೆಯಲ್ಲಿ ವಚನ ಹಾಡುವವರು ಕಾಕು, ನನ್ನ ಚಿಕ್ಕಪ್ಪನ ಹೆಂಡತಿ. ನಾನು ಗಿಟಾರ್ ಬಿಚ್ಚಿ ಕುಳಿತ ದಿನದ ಮರುದಿನವೇ ರಾಮದುರ್ಗದಲ್ಲಿ ಬೀಗರ ಹೊಸ ಮನೆಯ ವಾಸ್ತುಶಾಂತಿ. ಅಲ್ಲಿ ಅವರು ಹಾಡುವಾಗ ಪಕ್ಕದಲ್ಲಿ ಕುಳಿತು ನುಡಿಸಬೇಕೆಂದು ನನಗೆ ಬಹಳ ಆಸೆಯಿತ್ತು. ಗಿಟಾರಿನ ಸದ್ದು ಒಮ್ಮೆ ಕೇಳಿಯೇ ಅವರು ಬೇಡವೆಂದಿದ್ದರು.

"ನಿನ್ನ ಗಿಟಾರ ಒದರಾಕ ಹತ್ತಿತಂದ್ರ ನನ್ನ ದನಿ ನನಗs ಕೇಳಂಗಿಲ್ಲವ್ವಾ. ಕಬ್ಬಿನ ಟ್ರ್ಯಾಕ್ಟರ್ ಹಿಂದ ಕುಂತ ಹಾಡಿಧಂಗ ಆಕ್ಕೈತಿ."

ಅದು ನಿಜ. ಎರಡೂ ಪಿಕಪ್ಪು ಒಟ್ಟಿಗೆ ಚಾಲೂ ಇದ್ದಾಗ ನಾದ ದಪ್ಪ. ಒಂದರ ವೈರುಗಳನ್ನು ಅದಲುಬದಲು ಮಾಡಿದರೆ ಎರಡೂ ಒಂದಕ್ಕೊಂದು ಎದುರಾಗಿ, ದಪ್ಪ ಭಾಗ ಕಳೆದುಹೋಗಿ, ತೆಳ್ಳಗಿನ ಟೊಳ್ಳು ನಾದ ಉಳಿಯುತ್ತದೆ. ಬೇಕೆಂದಾಗ ಹಾಗೆ ಮಾಡಲು ಆರು ಕಾಲಿನ ಸ್ವಿಚ್ಚೊಂದನ್ನು ಕೂಡಿಸಿದೆ. ನಾದವೇನೋ ತೆಳುವಾಯಿತು. ಆದರೆ ಪಿಕಪ್ಪಿನ ಲೋಹದ ಮುಚ್ಚಳಕ್ಕೆ ಬೆರಳು ತಾಗಿದೊಡನೆ ಸ್ಪೀಕರಿನಿಂದ ಗುಂಯ್ ಎಂದು ಸದ್ದು.

"ಇದೇನ, ಜೇನಹುಳ ಹೊಕ್ಕಾವೇನ ಒಳಗ?" ಎಂದರು ಕಾಕು, ಅಡುಗೆಮನೆಯಿಂದಲೇ.

ನಾನು ಎದ್ದು ಅಂಗಳಕ್ಕೆ ಹೋದೆ, ಬಂದೆ, ಮತ್ತೆ ಹೋದೆ. ತಪ್ಪು ಎಲ್ಲೆಂದು ಗೊತ್ತಾಗಿತ್ತು. ವೈರಿನ ಮೇಲಿನ ಆ ಲೋಹದ ಹೆಣಿಗೆ ಮುಚ್ಚಳಕ್ಕೂ ಸುರುಳಿಯ ಒಂದು ತುದಿಗೂ ಸೇರಿಕೊಂಡಿತ್ತು. ವೈರು ಅದಲುಬದಲಾದಾಗ ಮುಚ್ಚಳವೂ ಸಿಗ್ನಲ್ಲಿನ ದಾರಿಗೆ ಬಂದುಬಿಟ್ಟಿತ್ತು. ಸುರುಳಿಯ ಆ ತುದಿಯನ್ನು ಬಿಡಿಸಿ, ಅದಕ್ಕೆ ಬೇರೆಯೇ ವೈರು ಕೊಟ್ಟು, ಹೆಣಿಗೆಯನ್ನು ಸಿಗ್ನಲ್ ಹರಿಯದ ಗ್ರೌಂಡಿಗೆ ಮಾತ್ರ ಬಿಡಬೇಕು. ಅದಕ್ಕೆ ಪಿಕಪ್ಪನ್ನೇ ಬಿಚ್ಚಬೇಕು. ಒಳಗಿನ ಕೂದಲೆಳೆಯಂಥ ವೈರು ತುಂಡಾದರೆ ಪಿಕಪ್ಪೂ ಹೋಯಿತು, ರಾಮದುರ್ಗವೂ ಹೋಯಿತು.

ಬಿಚ್ಚಿದೆ. ಬೆವರುವ ಕೈ ಒರೆಸಿಕೊಳ್ಳಲು ಸೋಲ್ಡರಿಂಗ್ ಐರನ್ನನ್ನು ಪದೇ ಪದೇ ಕೆಳಗಿಡಬೇಕಾಯಿತು.

ಸಂಜೆ ಮುಚ್ಚಳದ ಮೇಲೆ ಬೆರಳಿಟ್ಟೆ. ಸದ್ದಿಲ್ಲ.

"ಒಂದ ಸಲ ಹಾಡ್ರಿ ಕಾಕು."

ಅವರು ಮೆಂತ್ಯ ಸೊಪ್ಪು ಬಿಡಿಸುತ್ತಲೇ ಒಂದು ವಚನ ಎತ್ತಿಕೊಂಡರು. ನಾನು ಜೊತೆಗೆ ನುಡಿಸಿದೆ. ಎರಡನೆಯ ಸಾಲಿಗೆ ಸೊಪ್ಪು ಕೆಳಗಿಟ್ಟು ದನಿ ಇಳಿಸಿದರು. ಕೂಗಬೇಕಾಗಿರಲಿಲ್ಲ.

"ಸಣಕಲ ಆಗೈತಲ್ಲವಾ ಪಾಪ ಇದರ ದನಿ," ಎಂದು ನಕ್ಕರು. "ಉಪವಾಸ ಕೆಡವಿದಿ ಏನ?"

"ನಿಮ್ಮ ದನಿ ನಿಮಗ ಕೇಳತೈತೇನ್ರಿ?"

"ಕೇಳತೈತಿ. ಬಾ ನಾಳೆ. ಆದ್ರ ನಡುವ ಆ ಗುಂಡಿ ಎತ್ತಿ ಒದರಸಿದಿ ಅಂದ್ರ, ಬೀಗರ ಮುಂದs ಎಬ್ಬಸ್ತೇನಿ ನೋಡ."

ಮರುದಿನ ಬೆಳಿಗ್ಗೆ ಸ್ವಿಚ್ಚನ್ನು ತೆಳು ನಾದದ ಕಡೆಗೆ ತಳ್ಳಿ, ಅಲುಗಾಡದಂತೆ ಅದರ ಮೇಲೆ ಕರಿ ಟೇಪು ಅಂಟಿಸಿದೆ. ಯರಗಟ್ಟಿಯಲ್ಲಿ ಬಸ್ಸು ಬದಲಿಸಿದ ಮೇಲೂ, ಕಟಕೋಳ ದಾಟುವವರೆಗೆ, ಗಿಟಾರಿನ ಚೀಲದೊಳಗೆ ಕೈ ಹಾಕಿ ಟೇಪು ಸರಿದಿಲ್ಲವಷ್ಟೆ ಎಂದು ಮುಟ್ಟಿ ನೋಡುತ್ತಲೇ ಇದ್ದೆ.